ತೊಳೆದಿಟ್ಟ ಕಲ್ಲು

ರಾಯಚೂರಿಗೊಂದು ಮ್ಯೂಸಿಯಂ ಮಾಡುವ ಕೆಲಸಕ್ಕೆ ಇತಿಹಾಸದ ಮಾಸ್ತರನಾದ ನನ್ನನ್ನೂ ಹಚ್ಚಿದಾಗ, ಹಾಲ್ ತುಂಬ ಬರೀ ಕೋಟೆಯ ಫೋಟೋಗಳಿದ್ದವು. ಫೋಟೋ ಯಾಕೆ ಬೇಕು? ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಕೋಟೆಯೇ ಕಾಣುತ್ತದೆ. ನಮ್ಮ ಹೊಲಗಳಲ್ಲಿ ಸಿಗುವ ಕಲ್ಲಿನ ಕೊಡಲಿ ಒಂದಾದರೂ ಬಾಗಿಲ ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ಇರಲೇಬೇಕೆಂದು ನಾನು ಹಟ ಹಿಡಿದೆ. ಕಬ್ಬಿಣ ಗೊತ್ತಿಲ್ಲದ ಕಾಲದಲ್ಲಿ ಯಾರೋ ಉಜ್ಜಿ ಉಜ್ಜಿ ಮಾಡಿಕೊಂಡವು ಅವು. ಸಿಕ್ಕವರು ಮನೆಗೆ ತಂದು, ಎಣ್ಣೆ ಅರಿಶಿಣ ಹಚ್ಚಿ ಪೂಜೆಗೆ ಇಡುತ್ತಾರೆ. ಕೊಡಿ ಅನ್ನುವುದೆಂದರೆ ಮನೆದೇವರನ್ನೇ ಕೇಳಿದ ಹಾಗೆ.

ಮಾನ್ವಿ, ದೇವದುರ್ಗದ ಹಳ್ಳಿಗಳನ್ನು ಬೈಕಿನಲ್ಲಿ ಸುತ್ತಿದೆ. ಚಹಾ ಸಿಕ್ಕಿತು, ಕಲ್ಲು ಸಿಗಲಿಲ್ಲ. ಹಿರೇಕೊಟ್ನೆಕಲ್‌ನ ಒಬ್ಬ ಅಜ್ಜಿಯ ಮನೆಗಂತೂ ನಾಲ್ಕು ಸಲ ಹೋದೆ. ಹತ್ತಿ ಹೊಲದಲ್ಲಿ ಕಳೆ ತೆಗೆಯುವಾಗ ಸಿಕ್ಕಿದ್ದ ಕಲ್ಲು ಆಕೆಯ ದೇವರ ಜಗಲಿಯ ಮೇಲಿತ್ತು.

“ಒಯ್ದವ್ರು ಒಬ್ರೂ ತಿರುಗಿ ತಂದುಕೊಡೂದಿಲ್ರೀ ಮಾಸ್ತರ,” ಅಂದಳು.

“ನಿನಗ ಸರಿ ಅನ್ನಿಸಲಿಲ್ಲಂದ್ರ ವಾಪಸ್ ಒಯ್ಯಿ ಯವ್ವಾ. ಮಾತು ಕೊಡಾಕತ್ತೀನಿ.”

ಕೊಟ್ಟಳು. ಆ ಖುಷಿಯಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಸೋಪಿನ ನೀರಿನಲ್ಲಿ ಆ ಕಲ್ಲನ್ನು ಗಸಗಸ ತಿಕ್ಕಿದ್ದು. ವರ್ಷಗಟ್ಟಲೆ ಹಚ್ಚಿದ ಎಣ್ಣೆ, ಅರಿಶಿಣ, ಕುಂಕುಮ ಎಲ್ಲ ಮೋರಿ ಸೇರಿತು. ಕಲ್ಲು ಪುಸ್ತಕದ ಚಿತ್ರದಂತೆ ಕಪ್ಪಗೆ ಹೊಳೆಯಿತು. ಭಾರಿ ಶಾಣ್ಯಾ ನಾನು ಅಂದುಕೊಂಡೆ.

ಉದ್ಘಾಟನೆಯ ಮರುದಿನ ಅಜ್ಜಿ ಬಸ್ಸು ಹಿಡಿದು ಬಂದಳು. ಗಾಜಿನ ಮುಂದೆ ನಿಂತು, “ನಂದು ಎಲ್ಲದ?” ಎಂದಳು. ತೋರಿಸಿದರೆ ನಂಬಲಿಲ್ಲ. ಬೀಗ ತೆಗೆದು ಕೈಗೆ ಕೊಟ್ಟೆ. ಅಂಚಿನಲ್ಲಿ ಚೂರು ಹಾರಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿ ಗುರುತು ಹಿಡಿದಳು.

“ಯಪ್ಪಾ, ಇದರ ಹಣಿ ಬೋಳು ಮಾಡಿಟ್ಟಿಯಲ್ಲೋ!”

ನಾಚಿಕೆಯಿಂದ ಹಿಡಿಯಷ್ಟಾದೆ. ಆಕೆ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಮ್ಯೂಸಿಯಂ ಉಸ್ತುವಾರಿಯ ಸಾಹೇಬರು “ತಡೀರಿ ಮಾಸ್ತರ” ಎಂದು ಕಣ್ಣು ಕೆಂಪಗೆ ಮಾಡಿದರು. ಕೊಟ್ಟ ಮಾತು ತಪ್ಪಿ ಕಲ್ಲು ಉಳಿಸಿಕೊಳ್ಳುವ ಮ್ಯೂಸಿಯಂ ನನಗೆ ಬೇಡವಾಗಿತ್ತು. ನಾನೇ ಆಕೆಯನ್ನು ಮಾನ್ವಿ ಬಸ್ಸು ಹತ್ತಿಸಿ ಬಂದೆ.

ಖಾಲಿ ಪೆಟ್ಟಿಗೆಯಲ್ಲಿ ಕೋಟೆಯ ಫೋಟೋ ಇಡಿ ಎಂದರು. ಇಡಲಿಲ್ಲ. ಬದಲಿಗೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಬರೆದಿಟ್ಟೆ: “ಇಲ್ಲಿದ್ದ ಕಲ್ಲಿನ ಕೊಡಲಿಯನ್ನು ನಾವು ತೊಳೆದು ಕೆಡಿಸಿದೆವು. ಅದನ್ನು ಕೊಟ್ಟಿದ್ದ ಅಜ್ಜಿಗೆ ವಾಪಸ್ ಕೊಟ್ಟಿದ್ದೇವೆ.” ಓದಿದವರು ನಕ್ಕರು. ನಗಲಿ ಬಿಡಿ. ಚೀಟಿ ತೆಗೆಯಲು ಎರಡು ಸಲ ಹೇಳಿಕಳಿಸಿದರು, ಎರಡು ಸಲವೂ ಆಗುವುದಿಲ್ಲ ಅಂದೆ.

ಮಳೆಗಾಲ ಮುಗಿದ ಮೇಲೆ ದೇವದುರ್ಗ ತಾಲೂಕಿನ ಗೂಗಲ್ ಎಂಬ ಹಳ್ಳಿಯಿಂದ ಒಬ್ಬ ರೈತ ಬಂದ. ಹಿಂದೊಮ್ಮೆ ಬಂದು ಚೀಟಿ ಓದಿ ಹೋಗಿದ್ದನಂತೆ. ಈ ಸಲ ಕೈಯಲ್ಲಿ ಟವೆಲ್ಲಿನ ಗಂಟಿತ್ತು. ನನ್ನ ಟೇಬಲ್ಲಿನ ಮೇಲೆ ಬಿಚ್ಚಿದ. ಎಣ್ಣೆಯ ಜಿಡ್ಡು, ಕುಂಕುಮ ಮೆತ್ತಿದ ಕಲ್ಲಿನ ಕೊಡಲಿ.

“ನೀವು ವಾಪಸ್ ಕೊಡೂ ಮಂದಿ ಅಂತ ತಂದೀನ್ರೀ,” ಅಂದ.

ನಾನು ಎದ್ದು ನಿಂತೆ. ಕೈ ಚಾಚಿದೆ. ಅವನು ಕಲ್ಲನ್ನು ನನ್ನ ಅಂಗೈಯಲ್ಲಿಟ್ಟ, ಆದರೆ ತಕ್ಷಣ ಕೈ ಬಿಡಲಿಲ್ಲ.

“ತೊಳಿಬ್ಯಾಡ್ರಿ ಮತ್ತ.”