ಔಟ್‌ಬ್ಯಾಕಿಗೆ ಹೋಗುವ ದಾರಿಯಲ್ಲಿ ಕಳೆದ ಶನಿವಾರ

ಹೋದ ವರ್ಷ ನನ್ನ ಪಾಲಿಗೆ ಒಂದು ಶನಿವಾರ ಬರಲೇ ಇಲ್ಲ. ಬಂತು, ನಾನು ಮಲಗಿಯೇ ಕಳೆದೆ ಎಂದಲ್ಲ. ಅಂಥ ಶನಿವಾರಗಳೂ ಬೇಕಾದಷ್ಟಿವೆ. ಇದು ನಿಜವಾಗಿ ಬರಲಿಲ್ಲ. ಶುಕ್ರವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಹತ್ತಿದೆ, ಸಿಡ್ನಿಯಲ್ಲಿ ಇಳಿದರೆ ಭಾನುವಾರ ಬೆಳಗ್ಗೆ. ನಡುವಿನ ದಿನ ಪೆಸಿಫಿಕ್ ಸಾಗರದ ಮೇಲೆ ಎಲ್ಲೋ ಉದುರಿಹೋಗಿತ್ತು. ಬೇರೆಯವರಿಗೆ ಇದು ಭೂಗೋಳದ ಮಾತು. ನಮ್ಮ ಮನೆಯಲ್ಲಿ ಇದು ದೊಡ್ಡ ಪಂಚಾಯಿತಿಗೆ ಕಾರಣವಾಯಿತು, ಏಕೆಂದರೆ ನಮ್ಮತ್ತೆ ಶನಿವಾರ ಒಪ್ಪತ್ತು ಮಾಡುವವರು, ಅವರ ಜೊತೆ ನಾನೂ.

ಮೊದಲಿನಿಂದ ಹೇಳುತ್ತೇನೆ. ನಾನು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನಲ್ಲಿ ಆರ್ಕಿಟೆಕ್ಟು. ಹಾಗೆಂದ ಕೂಡಲೇ ಗಾಜಿನ ಗೋಪುರಗಳನ್ನು ಊಹಿಸಿಕೊಳ್ಳಬೇಡಿ. ನನ್ನ ಹೊಟ್ಟೆಪಾಡು ಇರುವುದು ಇದ್ದ ಮನೆಗೆ ಇನ್ನೊಂದು ಬಾತ್‌ರೂಮು ಸೇರಿಸುವುದರಲ್ಲಿ, ಹಿತ್ತಲಲ್ಲಿ ಅಪ್ಪ ಅಮ್ಮನಿಗೆಂದು ಪುಟ್ಟ ಮನೆ ಕಟ್ಟಿಸಿಕೊಡುವುದರಲ್ಲಿ. ಇಂಥ ನನಗೆ ಆಸ್ಟ್ರೇಲಿಯಾದ ಔಟ್‌ಬ್ಯಾಕಿನಿಂದ ಕರೆ ಬಂತು. ಔಟ್‌ಬ್ಯಾಕ್ ಎಂದರೆ ಆ ದೇಶದ ಒಳನಾಡು, ಕೆಂಪು ಮಣ್ಣು, ಬಿಸಿಲು, ಮೈಲುಗಟ್ಟಲೆ ಯಾರೂ ಇಲ್ಲದ ಬಯಲು. ಅಲ್ಲಿಯ ಒಂದು ಹಳೆಯ ಗಣಿ ಊರಿನಲ್ಲಿ ಪ್ರಾದೇಶಿಕ ವಾಸ್ತುಶಿಲ್ಪ ಸಮ್ಮೇಳನ. ಒಣನಾಡಿನಲ್ಲಿ ಮನೆ ಕಟ್ಟುವವರೆಲ್ಲ ಸೇರುತ್ತಾರೆ, ನೀವು ನೆರಳಿನ ಬಗ್ಗೆ ಮಾತಾಡಬೇಕು ಎಂದಿದ್ದರು. ಹಿತ್ತಲ ಮನೆಗಳ ನೆರಳಿನ ಬಗ್ಗೆ ನಾನೆಲ್ಲೋ ಬರೆದಿದ್ದ ಲೇಖನ ಅವರ ಕಣ್ಣಿಗೆ ಬಿದ್ದಿತ್ತಂತೆ. ಅದನ್ನು ನನ್ನ ಗಂಡನೇ ಪೂರ್ತಿ ಓದಿರಲಿಲ್ಲ.

ಅತ್ತೆಗೆ ವಿಷಯ ಹೇಳಿದೆ. ಅವರು ಬಾಗಲಕೋಟೆಯವರು, ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಕೇಳಿಸಿಕೊಂಡು, ಬಿಡಿಸುತ್ತಿದ್ದ ಮೆಂತ್ಯ ಸೊಪ್ಪನ್ನು ಬದಿಗಿಟ್ಟು ಕೇಳಿದರು:

"ಅಲ್ಲವಾ ಸುಮಾ, ಮನಿ ಕಟ್ಟಾವ್ರೆಲ್ಲಾ ಕೂಡಿ ಮನಿನ ಇಲ್ಲದ ಊರಿಗೆ ಯಾಕ ಹೋಗ್ತೀರಿ?"

ಸಮ್ಮೇಳನದ ನಾಲ್ಕು ದಿನವೂ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಇನ್ನು ತಯಾರಿ. ನನ್ನ ಗಂಡ ಪಕ್ಕದೂರು ನೆವಾರ್ಕಿನಲ್ಲಿ ಕಾರಿನ ಬ್ಯಾಟರಿಗಳನ್ನು ಪರೀಕ್ಷೆ ಮಾಡುವ ಇಂಜಿನಿಯರು. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ಅವರಿಗೆ ಸಂಬಳ. ಮನೆಗೆ ಬಂದ ಮೇಲೂ ಆ ಕಸುಬು ಬಿಡುವುದಿಲ್ಲ. ಔಟ್‌ಬ್ಯಾಕಿನಲ್ಲಿ ಜನ ದಾರಿ ತಪ್ಪಿ ನೀರಿಲ್ಲದೆ ಕಂಗೆಟ್ಟದ್ದನ್ನು ಎಲ್ಲೆಲ್ಲೋ ಓದಿ, ನೀರಿನ ಚೀಲ, ಸೀಟಿ, ಕನ್ನಡಿ ತರಿಸಿದರು. ವಿಮಾನ ಕಂಡರೆ ಕನ್ನಡಿಯಲ್ಲಿ ಬಿಸಿಲು ತೋರಿಸಬೇಕಂತೆ. ನೊಣ ಮುತ್ತುತ್ತವೆಂದು ಬಲೆ ಇಳಿಬಿಟ್ಟ ಟೊಪ್ಪಿಗೆಯೂ ಬಂತು. ಅದನ್ನು ಹಾಕಿಕೊಂಡು ಕನ್ನಡಿ ನೋಡಿದೆ. ಜೇನು ಕೀಳಲು ಹೊರಟವಳ ಹಾಗೆ ಕಂಡೆ. ನಮ್ಮ ಮಗಳು ಫೋನಿನಿಂದ ಕಣ್ಣೆತ್ತದೆ, "ಅಮ್ಮಾ, ಇಟ್ಸ್ ಎ ಟೌನ್. ದೇ ಹ್ಯಾವ್ ಗ್ರೋಸರಿ ಸ್ಟೋರ್ಸ್" ಅಂದಳು. ಹೋಟೆಲಿನಿಂದ ಸಭಾಂಗಣಕ್ಕೆ ರಸ್ತೆ ದಾಟಿದರೆ ಸಾಕು ಎಂಬುದನ್ನೂ ಅವಳೇ ನಕ್ಷೆಯಲ್ಲಿ ತೋರಿಸಿದಳು. ಗಂಡ ನಕ್ಷೆಯನ್ನು ಬಗ್ಗಿ ನೋಡಿ, "ರಸ್ತೆ ದಾಟಾಗ ಸೀಟಿ ಬೇಕಾಗ್ತದ" ಎಂದರು.

ಅತ್ತೆಯ ತಯಾರಿ ಬೇರೆ ಥರ. ಉತ್ತರ ಕರ್ನಾಟಕದವರ ಬುತ್ತಿಯ ಮೇಲೆ ಯಾರಾದರೂ ಒಂದು ದೊಡ್ಡ ಗ್ರಂಥ ಬರೆಯಬೇಕು. ನಾನು ಮೈಸೂರಿನವಳು. ನಮ್ಮ ಕಡೆ ಪ್ರಯಾಣ ಎಂದರೆ ಪುಳಿಯೋಗರೆ, ಮೊಸರನ್ನ. ಸಂಜೆಯೊಳಗೆ ತಿಂದು ಮುಗಿಸಬೇಕು, ಇಲ್ಲದಿದ್ದರೆ ಅದು ಹಳಸುತ್ತದೆ, ನಾವೂ ಹಳಹಳಿಸುತ್ತೇವೆ. ಖಡಕ್ ರೊಟ್ಟಿಗೆ ಆ ಆತುರವಿಲ್ಲ. ಜೋಳದ ಹಿಟ್ಟನ್ನು ತೆಳ್ಳಗೆ ತಟ್ಟಿ, ಬೇಯಿಸಿ, ಸೆಟೆದು ನಿಲ್ಲುವ ತನಕ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನೀರು ಕಡಿಮೆ, ಬಿಸಿಲು ಹೆಚ್ಚು, ದಾರಿ ಉದ್ದ ಇರುವ ನಾಡಿನವರು ಕಂಡುಕೊಂಡ ಊಟ ಅದು. ನನ್ನ ಭಾಷಣದಲ್ಲಿ ಗೋಡೆಯ ದಪ್ಪದ ಬಗ್ಗೆ ಹೇಳಬೇಕೆಂದಿದ್ದ ಮಾತೆಲ್ಲ ರೊಟ್ಟಿಗೂ ಸಲ್ಲುತ್ತದಲ್ಲ ಎಂದು ಅತ್ತೆ ರೊಟ್ಟಿ ಬಡಿಯುವುದನ್ನು ನೋಡುತ್ತ ಅನಿಸಿತು. ಕರಿಬೇವು, ಹಸಿ ಶೇಂಗಾ ಕೂಡ ಹೊರಟು ನಿಂತಿದ್ದವು. ಆಸ್ಟ್ರೇಲಿಯಾದವರು ಸೊಪ್ಪು ಕಾಳು ಒಳಗೆ ಬಿಡುವುದಿಲ್ಲವೆಂದು ಮಗಳು ನಿಯಮ ಓದಿ ತಡೆದಳು. ಸಿಡ್ನಿಯಿಂದ ಒಳನಾಡಿಗೆ ಹೋಗುವ ಸಣ್ಣ ವಿಮಾನದಲ್ಲಿ ತೂಕದ ಮಿತಿ ಬಿಗಿ. ಗಂಡ ಚೀಲವನ್ನು ಎತ್ತಿಕೊಂಡು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಂತು, ತನ್ನ ತೂಕ ಕಳೆದು ನೋಡಿದರು. ಮಿತಿ ಮೀರಿತ್ತು. ಬೂಟು ಬೇಕೋ ರೊಟ್ಟಿ ಬೇಕೋ ಎಂಬ ಪ್ರಶ್ನೆ ಬಂತು. ಬೂಟನ್ನು ನಾನು ಕಾಲಿಗೇ ಹಾಕಿಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಇಷ್ಟರ ನಡುವೆ ಒಂದು ದಿನ ಅತ್ತೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಕೇಳಿದರು. "ಶುಕ್ರವಾರ ಹತ್ತಿ, ರವಿವಾರ ಇಳೀತಿ ಅಂದ್ರ, ನಡುವಿನ ಶನಿವಾರ ಒಪ್ಪತ್ತು ಎಲ್ಲಿ ಮಾಡ್ತೀ?"

ನಾನು ನಕ್ಕೆ. ಆಮೇಲೆ ನಗು ನಿಂತಿತು. ಸಿಡ್ನಿಯಲ್ಲಿ ಒಂದು ರಾತ್ರಿ ಮಲಗಿ ಎದ್ದು ಸಣ್ಣ ವಿಮಾನ ಹಿಡಿಯೋಣವೆಂದು ನಾನು ಕೋಣೆ ಕಾಯ್ದಿರಿಸಿದ್ದು ಶನಿವಾರ ರಾತ್ರಿಗೆ. ಶುಕ್ರವಾರ ಹತ್ತಿದವರು ಶನಿವಾರ ಇಳಿಯುತ್ತಾರೆ ಎಂಬುದು ನನ್ನ ಇಷ್ಟು ವರ್ಷದ ಅನುಭವ. ಏನೇನು ಕೆಡಬಹುದು ಎಂದು ಯೋಚಿಸುವ ಇಂಜಿನಿಯರೂ ಅದನ್ನು ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದ್ದರು. ನಾನು ಆಕಾಶದಲ್ಲಿರುವ ರಾತ್ರಿಗೆ ನೆಲದ ಮೇಲೆ ಹಾಸಿಗೆ ಹಾಸಿಸಿದ್ದೆವು. ಅತ್ತೆಗೆ ಕೋಣೆಯ ಗೊಡವೆ ಇರಲಿಲ್ಲ. ಅವರಿಗೆ ಒಪ್ಪತ್ತಿನ ಚಿಂತೆ.

ಈ ಒಪ್ಪತ್ತಿನ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ನಾನು ಅಂಥ ಭಕ್ತೆಯೇನಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಮೆಚ್ಚಿಸಲು ಶುರು ಮಾಡಿದ್ದು. ಈಗ ಅದಕ್ಕೆ ಬೇರೆ ಕಾರಣವಿದೆ. ವಾರದ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರ ಊಟ ಯಾರಿಗೂ ಗೊತ್ತಿಲ್ಲ. ಗಂಡ ಆಫೀಸಿನಲ್ಲಿ, ಮಗಳು ಸ್ಕೂಲಿನಲ್ಲಿ, ನಾನು ಕಂಪ್ಯೂಟರಿನ ಮುಂದೆ ಒಂದು ಕೈಯಲ್ಲಿ ಚಮಚ ಹಿಡಿದು. ಶನಿವಾರ ಅವರಿಬ್ಬರೂ ಬಾಸ್ಕೆಟ್‌ಬಾಲ್ ಆಡಲು ಹೋದರೆ ಮನೆಯಲ್ಲಿ ನಾನು, ಅತ್ತೆ. ದಿನಕ್ಕೆ ಒಂದೇ ಊಟ ಎಂದ ಮೇಲೆ ಅದಕ್ಕೆ ಅವಸರ ಮಾಡುವುದಿಲ್ಲ. ಮಧ್ಯಾಹ್ನ ಕೂತರೆ ಬಿಸಿಲು ಅಡುಗೆಮನೆಯ ಆ ಗೋಡೆಯಿಂದ ಈ ಗೋಡೆಗೆ ಬರುವ ತನಕ ಉಣ್ಣುತ್ತೇವೆ. ಅತ್ತೆ ತಮ್ಮ ಅತ್ತೆಯ ಕತೆ ಹೇಳುತ್ತಾರೆ, ನಾನು ಗಿರಾಕಿಗಳ ಕತೆ ಹೇಳುತ್ತೇನೆ. ರಾತ್ರಿ ಇಬ್ಬರಿಗೂ ಹಿಡಿ ಅವಲಕ್ಕಿ, ಅಷ್ಟೇ.

ಅತ್ತೆಯ ಜೊತೆ ನನಗೆ ಉಳಿದಿದ್ದ ಶನಿವಾರಗಳು ಕೆಲವೇ ಕೆಲವು. ನಾನು ವಾಪಸು ಬರುವ ಶನಿವಾರದ ಮರುದಿನವೇ ಅತ್ತೆ ಊರಿಗೆ ಹೊರಡುವವರಿದ್ದರು. ಬಾಗಲಕೋಟೆಯ ಮನೆಯಲ್ಲಿ ಮರಿಮಗುವಿನ ತೊಟ್ಟಿಲ ಕಾರ್ಯ. ದಿನ ಮುಂದೆ ಹಾಕುವ ಹಾಗಿರಲಿಲ್ಲ. "ಇನ್ನ ನನಗ ಈ ವಿಮಾನ ಆಗೂದಿಲ್ಲವಾ, ಮೊಣಕಾಲು ಕೇಳೂದಿಲ್ಲ" ಎಂದು ಅವರು ಎಷ್ಟು ಸಲೀಸಾಗಿ ಹೇಳಿದ್ದರೆಂದರೆ, ಅದು ನಿಜ ಎಂದು ಆಗಲೇ ನನಗೆ ಗೊತ್ತಾಗಿತ್ತು. ಔಟ್‌ಬ್ಯಾಕಿನ ಆ ಊರಿಗೆ ವಿಮಾನ ದಿನಾ ಇಲ್ಲ. ಶುಕ್ರವಾರದ್ದು ತಪ್ಪಿದರೆ ಮುಂದಿನದು ಭಾನುವಾರ. ನಾನು ಮನೆ ಮುಟ್ಟುವಷ್ಟರಲ್ಲಿ ಅತ್ತೆ ಹೋಗಿರುತ್ತಾರೆ. ಹೋಗುವುದೇ ಬೇಡ ಅಂದೆ.

"ನೀ ಹೋಗು" ಅಂದರು ಅತ್ತೆ. "ರವಿವಾರದ ತನಕಾ ನಾ ಎಲ್ಲೂ ಹೋಗಂಗಿಲ್ಲ."

ಗಂಡ ಇಬ್ಬರನ್ನೂ ಸಮಾಧಾನ ಮಾಡಲು ಕಿತ್ತಳೆಹಣ್ಣು ಹಿಡಿದು ಪಾಠ ಶುರು ಮಾಡಿದರು. ಸಮುದ್ರದ ನಡುವೆ ಒಂದು ಗೆರೆಯಿದೆ, ಪಶ್ಚಿಮಕ್ಕೆ ದಾಟಿದರೆ ಒಂದು ದಿನ ಹೋಗುತ್ತದೆ, ಪೂರ್ವಕ್ಕೆ ದಾಟಿದರೆ ಬರುತ್ತದೆ. ಶನಿವಾರ ಮಧ್ಯಾಹ್ನ ಸಿಡ್ನಿ ಬಿಟ್ಟರೆ ಅದೇ ಶನಿವಾರ ಬೆಳಗ್ಗೆ ಇಲ್ಲಿ ಇಳಿಯುತ್ತಾಳೆ. ಆ ಗೆರೆ ನೀರಿನ ಮೇಲೆ ಕಾಣುವುದಿಲ್ಲ, ಜನ ಕೂತು ಒಪ್ಪಿಕೊಂಡದ್ದು. ದ್ವೀಪದವರು ತಮಗೆ ಬೇಕಾದ ಕಡೆ ಬಗ್ಗಿಸಿಕೊಂಡಿದ್ದಾರೆ ಕೂಡ. ನನಗಂತೂ ಇದು ಅಕ್ಕಪಕ್ಕದ ಮನೆಯವರ ಬೇಲಿಯ ವ್ಯವಹಾರದ ಹಾಗೆ ಕಂಡಿತು. ಅತ್ತೆ ಕಿತ್ತಳೆಹಣ್ಣನ್ನು ಮಗನ ಕೈಯಿಂದ ಇಸಿದುಕೊಂಡು ಸುಲಿಯುತ್ತ ಕೇಳಿದರು, "ಬರೂ ಮುಂದ ಎರಡು ಶನಿವಾರ ಸಿಗತಾವಂತೇನು?"

"ಹೂಂ ಅವ್ವಾ."

"ಹಂಗಾದ್ರ ಹೋದದ್ದು ಹೋಗೂದಿಲ್ಲ. ಅಲ್ಲೇ ಎಲ್ಲೋ ಇರತದ, ಬರೂ ಮುಂದ ತೊಗೊಂಡು ಬಾ" ಎಂದು ನನಗೊಂದು ತೊಳೆ ಕೊಟ್ಟರು.

ಹೋದೆ. ಸಿಡ್ನಿಯಲ್ಲಿ ಬುತ್ತಿಯನ್ನು ಇದ್ದ ಹಾಗೆ ತೋರಿಸಿದೆ. ಅಧಿಕಾರಿ ಒಂದು ರೊಟ್ಟಿಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ, ಇದನ್ನು ತಿನ್ನುತ್ತೀರಾ ಎಂದು ಮರ್ಯಾದೆಯಿಂದ ವಿಚಾರಿಸಿ, ಬಿಟ್ಟುಕೊಟ್ಟ. ಆ ಊರಿನಲ್ಲಿ ನೊಣಗಳ ವಿಷಯದಲ್ಲಿ ಗಂಡ ಹೇಳಿದ್ದು ನೂರಕ್ಕೆ ನೂರು ನಿಜ. ಉಳಿದದ್ದೆಲ್ಲ ಮಗಳು ಹೇಳಿದ ಹಾಗೆಯೇ ಇತ್ತು. ನನ್ನ ಭಾಷಣವೂ ಆಯಿತು. ಬೇಸಗೆಯಲ್ಲಿ ಬಾಗಲಕೋಟೆಯ ಮಣ್ಣಿನ ಮಾಳಿಗೆಯ ಕೆಳಗೆ ಮಧ್ಯಾಹ್ನ ಎಷ್ಟು ತಂಪಿರುತ್ತದೆ ಎಂದು ಹೇಳುವಾಗ ಹಿಂದಿನ ಸಾಲಿನವರೂ ಬರೆದುಕೊಂಡರು. ಕೊನೆಯ ದಿನ ತಗಡಿನ ಜಗಲಿಯಲ್ಲಿ ಕೂತು ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿಪುಡಿ ಹಂಚಿದೆ. ಆ ಊರಲ್ಲೇ ಹುಟ್ಟಿ ಬೆಳೆದ ಒಬ್ಬ ಹಿರಿಯ ಆರ್ಕಿಟೆಕ್ಟು, ಕರುಂ ಕುರುಂ ಎಂದು ಎರಡು ರೊಟ್ಟಿ ಮುಗಿಸಿ, ಇದರಿಂದ ಮನೆಗೆ ಚಾವಣಿಯನ್ನೂ ಹೊದಿಸಬಹುದು ಎಂದರು. ಅದು ಹೊಗಳಿಕೆಯೇ.

ಶುಕ್ರವಾರ ಮಧ್ಯಾಹ್ನ ಧೂಳು ಎದ್ದಿತು. ಮೊದಲು ಬೆಟ್ಟ ಕಾಣದಾಯಿತು, ಆಮೇಲೆ ವಿಮಾನ ನಿಲ್ದಾಣದ ಬೇಲಿ. ಒಂದೇ ಕೋಣೆಯ ನಿಲ್ದಾಣ. ಅಲ್ಲಿದ್ದ ಹೆಂಗಸು, ವಿಮಾನ ಪಕ್ಕದ ಊರಿನಲ್ಲಿ ಇಳಿದು ಕಾಯುತ್ತಿದೆ, ಬರಲೂಬಹುದು, ಬರದೆಯೂ ಇರಬಹುದು ಎಂದಳು. ನನ್ನ ಬಳಿ ನೀರಿತ್ತು, ಸೀಟಿಯಿತ್ತು, ಬಿಸಿಲು ತೋರಿಸುವ ಕನ್ನಡಿಯೂ ಇತ್ತು. ಬೇಕಾದ್ದು ಯಾವುದೂ ಇರಲಿಲ್ಲ. ಮನೆಗೆ ಫೋನು ಮಾಡಿದೆ. ಅಲ್ಲಿ ಇನ್ನೂ ಗುರುವಾರ ಸಂಜೆ.

"ಬಿಟ್ಟರ ಬಾ" ಅಂದರು ಅತ್ತೆ. "ಬಿಡಲಿಲ್ಲಂದ್ರ ಅಲ್ಲೇ ಇರು. ಧೂಳಿನ್ಯಾಗ ಹಾರಬ್ಯಾಡ." ಆಮೇಲೆ, "ರೊಟ್ಟಿ ಉಳದಾವೇನು?" ಎಂದು ಕೇಳಿದರು. ಉಳಿದಿವೆ ಎಂದೆ. ಫೋನಿಟ್ಟ ಮೇಲೆ ಬಲೆಯ ಟೊಪ್ಪಿಗೆ ಮುಖಕ್ಕೆ ಇಳಿಸಿಕೊಂಡು ಅತ್ತುಬಿಟ್ಟೆ. ಅದು ನೊಣಕ್ಕಷ್ಟೇ ಅಲ್ಲ, ಅಳುವುದಕ್ಕೂ ಅನುಕೂಲ.

ಸಂಜೆಯ ಹೊತ್ತಿಗೆ ಗಾಳಿ ಇಳಿಯಿತು, ವಿಮಾನ ಬಂತು. ಶನಿವಾರ ಸಿಡ್ನಿಯಲ್ಲಿ ಸೂರ್ಯ ಹುಟ್ಟಿದ್ದನ್ನು ನೋಡಿದೆ, ಮಧ್ಯಾಹ್ನ ವಿಮಾನ ಹತ್ತುವ ಮುಂಚೆ ಒಪ್ಪತ್ತಿನ ಊಟ ಮಾಡಿದೆ, ಹಾರಿದೆ. ಮತ್ತೆ ಕತ್ತಲಾಯಿತು, ಮತ್ತೆ ಸೂರ್ಯ ಹುಟ್ಟಿದ, ಮತ್ತೆ ಶನಿವಾರ. ಗಂಡ ವಿಮಾನ ನಿಲ್ದಾಣದಿಂದ ಸೇತುವೆ ದಾಟಿಸಿ ಮನೆಗೆ ಕರೆತಂದರು. ಕೊಲ್ಲಿಯ ನೀರು ಎಂದಿನ ಹಾಗೆ ಬೂದು ಬಣ್ಣಕ್ಕಿತ್ತು. ಅಷ್ಟು ಚೆಂದ ಅದು ಯಾವತ್ತೂ ಕಂಡಿರಲಿಲ್ಲ.

ಅತ್ತೆಯ ಪೆಟ್ಟಿಗೆಗಳು ಹಾಲಿನಲ್ಲಿ ಕಟ್ಟಿ ಕೂತಿದ್ದವು. ಮಧ್ಯಾಹ್ನ ನಾವಿಬ್ಬರೂ ಎಂದಿನಂತೆ ಉಂಡೆವು. ಬಿಸಿಲು ಆ ಗೋಡೆಯಿಂದ ಈ ಗೋಡೆಗೆ ಬಂತು. ನಾನು ಧೂಳಿನ ಕತೆ ಹೇಳಿದೆ, ರೊಟ್ಟಿಯ ಚಾವಣಿಯ ಕತೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ನಾನು ಮಲಗಿಬಿಟ್ಟೆ.

ಎದ್ದಾಗ ದೀಪ ಹಚ್ಚಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಅವಲಕ್ಕಿ ನೆನೆಸಬೇಕಲ್ಲ ಎಂದು ಎದ್ದು ಹೋದರೆ ಮೇಜಿನ ಮೇಲೆ ಎರಡು ತಟ್ಟೆ, ಎಣಗಾಯಿ ಪಲ್ಯ, ಮೊಸರು. ನಾನು ಮದುವೆಯಾಗಿ ಬಂದಾಗಿನಿಂದ ಅತ್ತೆ ಶನಿವಾರ ರಾತ್ರಿ ಉಂಡಿದ್ದನ್ನು ನೋಡಿರಲಿಲ್ಲ.

"ಕೂಡು" ಅಂದರು. "ಹೋದ ಶನಿವಾರ ನಾ ಒಬ್ಬಾಕೀನ ತಾಟ ಮುಂದ ಇಟಗೊಂಡು ಕೂತಿದ್ದೆ. ತುತ್ತು ಒಳಗ ಇಳೀಲಿಲ್ಲವಾ. ಎತ್ತಿಟ್ಟು ಎದ್ದಬಿಟ್ಟೆ. ಆ ಊಟ ಇನ್ನೂ ಬಾಕಿ ಅದ."

ಕೂತೆ. ಬಿಸಿ ರೊಟ್ಟಿ ಮೆತ್ತಗಿತ್ತು. ಇದನ್ನು ಬುತ್ತಿ ಕಟ್ಟಲು ಬರುವುದಿಲ್ಲ, ಇಲ್ಲೇ ಕೂತು ಉಣ್ಣಬೇಕು. ಅಷ್ಟರಲ್ಲಿ ಗಂಡ ಒಳಗೆ ಬಂದು, ತಾಯಿಯ ತಟ್ಟೆ ನೋಡಿ ಬಾಗಿಲಲ್ಲೇ ನಿಂತರು.

"ಅವ್ವಾ, ಇವತ್ತ ಶನಿವಾರ ಅಲ್ಲೇನು?"

"ಹೌದಪಾ" ಎಂದರು ಅತ್ತೆ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ. "ಮಧ್ಯಾಹ್ನದ್ದು ಈ ವಾರದ್ದು. ಇದು ಸುಮಾ ತಂದದ್ದು."