ದೊಡ್ಡಮ್ಮನ ಮೊದಲನೇ ಓಟು

ಮಂಡ್ಯದ ನಮ್ಮ ಬೀದಿಯಲ್ಲಿ ಓಟಿಗೂ ಮದುವೆಗೆ ಕರೆದ ಹಾಗೆ ಕರೆಯಬೇಕಿತ್ತು. ಮುನಿಸಿಪಾಲಿಟಿ ಚುನಾವಣೆಗೆ ನಿಂತವರು ಮನೆಮನೆಗೆ ಬಂದು ಎಲೆ ಅಡಿಕೆ ಕೊಟ್ಟು ಹೋಗಬೇಕು, ಆ ದಿನ ಜಟಕಾ ಕಳಿಸಬೇಕು. ಓಟು ಹಾಕುವ ಸ್ಕೂಲು ಕೂಗಳತೆ ದೂರದಲ್ಲಿದ್ದರೂ ಗಾಡಿ ಬಾಗಿಲಿಗೆ ಬರುವವರೆಗೆ ಯಜಮಾನರು ಜಗಲಿ ಬಿಟ್ಟು ಏಳುತ್ತಿರಲಿಲ್ಲ. "ಕರೀದೆ ಎಂಗ್ಲಾ ಓಗೋದು? ಮಾನ ಮರ್ವಾದೆ ಇಲ್ವಾ?" ಅನ್ನುತ್ತಿದ್ದರು. ಮನೆಗಂದಾಯ ಕಟ್ಟುವವರಿಗೆ ಮಾತ್ರ ಓಟು. ಇದ್ದ ಅಷ್ಟರಲ್ಲೂ ಅರ್ಧ ಹೀಗೆ ಮುನಿಸಿನಲ್ಲೇ ಹಾಳಾಗುತ್ತಿತ್ತು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಹೆಸರಿನಲ್ಲಿ ಒಂದು ಹೆಂಚೂ ಇರಲಿಲ್ಲ, ಹಾಗಾಗಿ ಓಟೂ ಇರಲಿಲ್ಲ.

ಯುದ್ಧದ ಕಾಲದಲ್ಲಿ ಬಂದ ಒಂದು ಚುನಾವಣೆಯಲ್ಲಿ ಬೀದಿ ಎರಡು ಪಾಲಾಯಿತು. ಖಾದಿ ಟೋಪಿಯವರು ಒಂದು ಕಡೆ, ಸರ್ಕಾರಕ್ಕೆ ಹತ್ತಿರದ ಜರಿಪೇಟದವರು ಇನ್ನೊಂದು ಕಡೆ. ಜಟಕಾ ಹೊಡೆಯುವ ಸಾಬರು ಮಾತ್ರ ಇಬ್ಬರಿಗೂ ಬೇಕಾದವರು. ಹೋಗುವಾಗ ಟೋಪಿಯವರನ್ನು ಕೂರಿಸಿಕೊಂಡರೆ ಬರುವಾಗ ಪೇಟದವರು. ನಮ್ಮಪ್ಪ ಟೋಪಿಯ ಕಡೆ. ನಾನು ಅಪ್ಪನಿಗಿಂತ ಒಂದು ಕೈ ಮೇಲು.

ಪೇಟದ ಕಡೆಯಿಂದ ನಿಂತವನು ನಮ್ಮ ದೊಡ್ಡಮ್ಮನ ಮೈದುನ. ದೊಡ್ಡಮ್ಮ ಎಂದರೆ ನಮ್ಮವ್ವನ ಅಕ್ಕ. ಗಂಡ ತೀರಿಕೊಂಡ ಮೇಲೂ ಅದೇ ಬೀದಿಯಲ್ಲಿ ಮೈದುನನ ಜೊತೆ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಇದ್ದಳು. ಗಂಡನ ಪಾಲಿನ ಅರ್ಧ ಮನೆ ಅವಳ ಹೆಸರಿನಲ್ಲಿತ್ತು. ಹಾಗಾಗಿ ಬೀದಿಯ ಪಟ್ಟಿಯಲ್ಲಿ ಇದ್ದ ಕೆಲವೇ ಹೆಂಗಸರ ಹೆಸರಿನಲ್ಲಿ ಅವಳದೂ ಒಂದು. ಅದನ್ನು ನನ್ನ ಕೈಲಿ ಎರಡು ಸಲ ಓದಿಸಿ, "ಅಚ್ಚಲ್ಲಿ ನನ್ನೆಸ್ರು!" ಅಂತ ನಕ್ಕಿದ್ದಳು. ಹಸಿರು ಪೆಟ್ಟಿಗೆ ಟೋಪಿಯವರದು, ಹಳದಿ ನಿನ್ನ ಮೈದುನನದು, ಚೀಟಿಯನ್ನು ಯಾವುದಕ್ಕೆ ಹಾಕಿದೆ ಅಂತ ಯಾರಿಗೂ ಹೇಳಬೇಕಾಗಿಲ್ಲ ಎಂದು ನಾನೇ ಪಾಠ ಹೇಳಿಕೊಟ್ಟಿದ್ದೆ.

ಓಟಿನ ಹಿಂದಿನ ದಿನ ಸಂಜೆ ನಾನು ದೊಡ್ಡಮ್ಮನ ಪಕ್ಕ ಕೂತಿದ್ದಾಗ ಮೈದುನನ ಹೆಂಡತಿ ಬಂದಳು. ತವರಿನವರು ಬರೆದುಕೊಟ್ಟ ಮನೆಯಿಂದಾಗಿ ಅವಳಿಗೂ ಓಟಿತ್ತು. ಕೈಯಲ್ಲಿ ಎಲೆ ಅಡಿಕೆ ಇರಲಿಲ್ಲ.

"ಅಕ್ಕಯ್ಯ, ನಾಳೆ ಒತ್ತಾರೆ ಬ್ಯಾಡಿ. ಮೊದಲ್ನೇ ಓಟು ಮುತ್ತೈದೆ ಕೈಲಿ ಬೋಣಿ ಆಗ್ಲಿ ಅಂತವ್ರೆ ಇವ್ರು. ಒತ್ತಿಳಿದ್ ಮ್ಯಾಲೆ ನಿಮ್ಗೆ ಗಾಡಿ ಕಳಿಸ್ತಾರೆ."

ದೊಡ್ಡಮ್ಮ ತಲೆಯಾಡಿಸಿ ಅವರೆಕಾಯಿ ಸುಲಿಯುತ್ತಲೇ ಇದ್ದಳು. ಆದರೆ ಕಾಳು ಸಿಪ್ಪೆಯ ಕಡೆಗೆ, ಸಿಪ್ಪೆ ಕಾಳಿನ ಕಡೆಗೆ ಬೀಳುತ್ತಿತ್ತು. ನಾನು ತಡೆಯಲಾರದೆ, "ಒತ್ತಾರೆನೇ ಓಗಾನ ಬಾ ದೊಡ್ಡವ್ವ. ಯಾವನು ಅಡ್ಡ ಬತ್ತಾನೋ ನೋಡ್ತೀನಿ" ಅಂದೆ. ಅವಳು ಸಿಪ್ಪೆಗೆ ಬಿದ್ದ ಕಾಳನ್ನೆಲ್ಲ ಆರಿಸಿ ಮೊರಕ್ಕೆ ಹಾಕಿ, "ಆಗ್ಲಿ ಕಣವ್ವ" ಅಂದಳು.

ಮರುದಿನ ಸ್ಕೂಲಿನ ಬಾಗಿಲು ತೆರೆದಾಗ ನಾವಿಬ್ಬರೂ ಮುಂದೆ ನಿಂತಿದ್ದೆವು, ನಡೆದುಕೊಂಡೇ ಬಂದು. ಅರಿಸಿನ ಕುಂಕುಮದ ತಟ್ಟೆ ಹಿಡಿದು ಮೈದುನನ ಹೆಂಡತಿ ಜಟಕಾದಿಂದ ಇಳಿಯುವಷ್ಟರಲ್ಲಿ ದೊಡ್ಡಮ್ಮ ಪರದೆಯ ಹಿಂದೆ ಹೋಗಿ ಬಂದಾಗಿತ್ತು. ಹೊರಗೆ ನಿಂತಿದ್ದ ಮೈದುನನ ಮುಖ ಕಪ್ಪಿಟ್ಟಿತು. ನನಗೋ ಹಬ್ಬ.

ಅವನು ಸೋತ, ಬೆರಳಲ್ಲಿ ಎಣಿಸುವಷ್ಟು ಓಟಿನಲ್ಲಿ. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು, ಇರಲಿಲ್ಲ. ನಲ್ಲಿಯ ಹತ್ತಿರ ನಾಲ್ಕು ಜನ ಹೆಂಗಸರ ಮುಂದೆ, "ನಮ್ ದೊಡ್ಡವ್ವ ಅಸ್ರು ಪೆಟ್ಗೆಗೆ ಆಕಿ ಬುದ್ಧಿ ಕಲಿಸಿದ್ಲು" ಎಂದು ಕೊಚ್ಚಿಕೊಂಡೆ. ಅವಳು ನನಗೆ ಹಾಗೆ ಹೇಳಿರಲೇ ಇಲ್ಲ. ಅಷ್ಟು ಅವಮಾನವಾದ ಮೇಲೆ ಬೇರೆ ಇನ್ನೇನು ಮಾಡಿಯಾಳು ಎಂದು ನಾನೇ ಅಂದುಕೊಂಡಿದ್ದೆ.

ಮಾತು ಮಧ್ಯಾಹ್ನಕ್ಕೆ ಮೈದುನನ ಕಿವಿಗೆ ಬಿತ್ತು. ಅವನು ಜಗಳ ಆಡಲಿಲ್ಲ. ಹಿಂದಿನ ಕೋಣೆಯಲ್ಲಿ ಮೂರು ಕಲ್ಲು ಹೂಡಿಸಿ, ರಾಗಿಹಿಟ್ಟು ಅಳೆದು ಕೊಟ್ಟು, ಅತ್ತಿಗೆಯ ಒಲೆ ಬೇರೆ ಮಾಡಿದ.

ನಾನು ಓಡಿ ಹೋದಾಗ ದೊಡ್ಡಮ್ಮ ಹಸಿ ಸೌದೆ ಊದುತ್ತಾ ಕೂತಿದ್ದಳು.

"ನಾನು ಅಳದಿಗೇ ಆಕ್ದೆ ಕಣ್ ಮಗಾ," ಅಂದಳು. "ನಾನು ಈ ಮನೇಗ್ ಬಂದಾಗ ಅವನಿನ್ನೂ ತೊಟ್ಲಲ್ಲಿದ್ದ. ನನ್ ಸೊಂಟದ್ ಮ್ಯಾಲೇ ಬೆಳ್ದೋನು. ಅವನ್ಗಲ್ದೆ ಇನ್ಯಾರ್ಗೆ ಆಕ್ಲಿ?"

"ಮತ್ತೆ ಒತ್ತಾರೆ ಯಾಕ್ ಬಂದೆ?"

"ಬೋಣಿ ನನ್ ಕೈಲೂ ಆಯ್ತದೆ ಅಂತ ಅವನ್ಗೆ ತೋರಿಸ್ಬೇಕಿತ್ತು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೆಟ್ಟಗೆ ಮೈದುನನ ಮುಂದೆ ಹೋಗಿ ನಿಂತು, ನಾನು ಗೊತ್ತಿಲ್ಲದೆ ಆಡಿದ ಮಾತು, ದೊಡ್ಡವ್ವ ಹಾಕಿದ್ದು ನಿಮಗೇ ಅಂದೆ. ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಬುಡಮ್ಮ, ಪೆಟ್ಗೆ ಒಳೀಕ್ ಯಾರ್ ಇಣುಕ್ ನೋಡಿದ್ರು?" ಅಂದ. ಓಟು ಗುಟ್ಟು ಎಂದು ಬೀದಿಗೆಲ್ಲ ಹೇಳಿಕೊಟ್ಟವಳು ನಾನೇ.

ಮುಂದಿನ ಚುನಾವಣೆಗೂ ಅವನು ನಿಂತ. ಪೇಟ ಹೋಗಿ ಅವನ ತಲೆಯ ಮೇಲೂ ಖಾದಿ ಟೋಪಿ ಬಂದಿತ್ತು, ಕಾಲ ಹಾಗಿತ್ತು. ಹಿಂದಿನ ಕೋಣೆಯ ಒಲೆ ಮಾತ್ರ ಬೇರೆಯಾಗಿಯೇ ಇತ್ತು. ಅವಳಿಗೆ ಕರೆಯೂ ಬರಲಿಲ್ಲ, ಗಾಡಿಯೂ ಬರಲಿಲ್ಲ. ಬೆಳಿಗ್ಗೆ ನಾನೇ ಕರೆಯಲು ಹೋದೆ. ದೊಡ್ಡಮ್ಮ ಸ್ನಾನ ಮಾಡಿ ಮಡಿಸೀರೆ ಉಟ್ಟು ಸಿದ್ಧವಾಗಿದ್ದಳು, ಆದರೆ ಹೊಸ್ತಿಲು ದಾಟಲಿಲ್ಲ.

"ಎಲ್ರೂದೂ ಮೊದ್ಲು ಆಗ್ಲಿ ಮಗಾ," ಅಂದಳು. "ಈ ಸಲನಾದ್ರೂ ಅವನು ಗೆಲ್ಲಲಿ."

ಇಡೀ ದಿನ ಅದೇ ಸೀರೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸ್ಕೂಲಿನ ಬಾಗಿಲು ಹಾಕುವ ಹೊತ್ತಿಗೆ ನನ್ನ ಕೈ ಹಿಡಿದು ನಡೆದು ಹೋಗಿ, ಎಲ್ಲರಿಗಿಂತ ಕೊನೆಯ ಓಟು ಹಾಕಿ ಬಂದಳು. ಅವನು ಗೆದ್ದ. ಅವಳು ಯಾವ ಪೆಟ್ಟಿಗೆಗೆ ಹಾಕಿದಳು ಎಂದು ನಾನು ಕೇಳಲಿಲ್ಲ.