ಗಟ್ಟಿಸಾರಿಗೆ ಬಿದ್ದ ಪಪ್ಪಾಯಿಕಾಯಿ

ಹಂದಿಯ ಕಾಲುಗಳನ್ನು ಕುದಿಸಿ, ಆ ಸಾರನ್ನು ತಣ್ಣಗೆ ಹೆಪ್ಪುಗಟ್ಟಿಸುವ ವಿದ್ಯೆ ಈಗ ನನಗೆ ಕೈವಶವಾಗಿದೆ. ಬೋಗುಣಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿದರೆ ಗಡ್ಡೆ ಇಡಿಯಾಗಿ ಇಳಿದು ಕೂತುಕೊಳ್ಳುತ್ತದೆ, ಒಂದು ಹನಿಯೂ ಹರಿಯುವುದಿಲ್ಲ. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಹೆಮ್ಮೆಯೇ ಇದು. ಆದರೆ ನನಗೆ ಇದು ಸಿದ್ಧಿಸಿದ್ದು ಅದು ಬೇಕಾಗಿದ್ದ ದಿನಗಳು ಮುಗಿದ ಮೇಲೆ. ಹೀಗಾಗಿ ಹೇಳಹೊರಟಾಗಲೆಲ್ಲ ಹೆಮ್ಮೆಯ ಬದಲು ಸಂಕಟವೇ ಮೇಲೆ ಬರುತ್ತದೆ.

ನಮ್ಮ ಮನೆಯಲ್ಲಿ ಇದರ ಹೆಸರು ಗಟ್ಟಿಸಾರು. ನಾವು ಮೂಲತಃ ಭಾಲ್ಕಿಯ ಕ್ರೈಸ್ತರು. ಕ್ರಿಸ್‌ಮಸ್ ಮುಗಿದು ಥಂಡಿ ಜೋರಾದ ಮೇಲೆ ಅವ್ವ ಒಂದು ದಿನ ಕಾಲುಗಳನ್ನು ಸುಟ್ಟು, ಕೆರೆದು, ತೊಳೆದು, ಮೆಣಸು ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಅರ್ಧ ದಿನ ಕುದಿಸುತ್ತಿದ್ದಳು. ಎಲುಬು ತೆಗೆದು, ಸಾರನ್ನು ಬೋಗುಣಿಗೆ ಸೋಸಿ, ಮುಚ್ಚಳದ ಮೇಲೆ ಕಲ್ಲು ಹೇರಿ ಮಾಳಿಗೆಯ ಮೇಲಿಟ್ಟರೆ ಬೆಳಿಗ್ಗೆಗೆ ಗಟ್ಟಿ. ಆಗ ಫ್ರಿಜ್ಜು ಯಾರ ಮನೆಯಲ್ಲಿತ್ತು? ಬೀದರ ಸೀಮೆಯ ಜನವರಿಯೇ ನಮ್ಮ ಫ್ರಿಜ್ಜು. ಅಕ್ಕ ತಟ್ಟೆಯ ಅಂಚಿಗೆ ಬೆರಳಿನಿಂದ ಒಂದು ಏಟು ಕೊಡುತ್ತಿದ್ದಳು. ಗಡ್ಡೆ ಗಡಗಡ ನಡುಗುತ್ತಿತ್ತು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಕ್ಕಿದ್ದಕ್ಕೆ ದೊಡ್ಡ ಪಾಲು ನನಗೇ ಸಿಗುತ್ತಿತ್ತು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನರ್ಸ್ ಆಗಿ ದುಡಿದಳು, ಮದುವೆಯಾಗಲಿಲ್ಲ, ನನ್ನನ್ನು ಓದಿಸಿದಳು. ನನ್ನ ಹೆಂಡತಿ ತೀರಿಕೊಂಡ ಮೇಲೆ ಬೀದರಿನ ಮನೆಗೆ ಬಂದು, ಕೇಳದೆಯೇ ಒಲೆಯ ಅಧಿಕಾರ ವಹಿಸಿಕೊಂಡಳು. ಕಳೆದ ಚಳಿಗಾಲ ಅವಳ ಗಂಟಲಿಗೆ ಕ್ಯಾನ್ಸರ್ ಬಂತು. ಹೈದರಾಬಾದಿನಲ್ಲಿ ರೇಡಿಯೇಶನ್ ಮುಗಿಸಿ ಬರುವಷ್ಟರಲ್ಲಿ ಅನ್ನ ಇಳಿಯುತ್ತಿರಲಿಲ್ಲ, ನೀರು ಕುಡಿದರೆ ನೆತ್ತಿಗೇರಿ ಕೆಮ್ಮು. ತಣ್ಣಗಿರಬೇಕು, ಜಾರಬೇಕು, ಆದರೆ ಹರಿಯಬಾರದು, ಅಂಥದ್ದು ಕೊಡಿ ಎಂದರು ಡಾಕ್ಟರು. ಅಂಗಡಿಯಿಂದ ಸಿಹಿ ಜೆಲ್ಲಿ ತಂದೆ. ಮುಖ ತಿರುಗಿಸಿದಳು.

"ಸಿಹಿ ಬ್ಯಾಡ ತಮ್ಮಾ. ಅವ್ವನ ಗಟ್ಟಿಸಾರು ಮಾಡ್ತಿ ಏನು? ಅದು ತಾನೇ ಇಳೀತದ."

ಹೇಗೆ ಮಾಡುವುದೆಂದು ಕೇಳಿದರೆ, "ಕುದಿಸು, ಸೋಸು, ಇಡು" ಎಂದಳು. ಮೂರೇ ಮಾತು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಮಾಸ್ತರನೇ ಅಲ್ಲ.

ನಮ್ಮ ಗೋಡೆಯಾಚೆ ರೆಹಾನಾ ಆಪಾ ಇದ್ದಾರೆ. ಎರಡು ದಶಕದ ನೆರೆ. ಹಂದಿ ಮಾಂಸ ತಂದ ದಿನ ನಾವು ಆ ಕಡೆಯ ಕಿಟಕಿ ಹಾಕುತ್ತೇವೆ, ಹೆಸರು ಎತ್ತುವುದಿಲ್ಲ. ಅವರೂ ಆ ದಿನ ಏನು ಅಡುಗೆ ಎಂದು ಕೇಳುವುದಿಲ್ಲ. ಯಾರೂ ಕೂತು ಮಾತಾಡಿ ಮಾಡಿಕೊಂಡ ಕರಾರಲ್ಲ. ಈ ಊರಲ್ಲಿ ಜೊತೆಗೆ ಬಾಳುವವರಿಗೆ ಇದು ತಾನಾಗಿ ತಿಳಿಯುತ್ತದೆ. ಆ ಸಲವೂ ನಾನು ಮರ್ಯಾದೆ ಮೀರಲಿಲ್ಲ. "ಅಕ್ಕಗ ಮಾಂಸ ಬಾಯಾಗ ಕರಗಬೇಕಲ್ರಿ ಆಪಾ, ಏನ್ ಮಾಡ್ಲಿ?" ಎಂದಷ್ಟೇ ಕೇಳಿದೆ. ಯಾವ ಪ್ರಾಣಿ, ಯಾವ ಭಾಗ, ಏನು ಮಾಡಲಿಕ್ಕೆ, ಒಂದನ್ನೂ ಹೇಳಲಿಲ್ಲ.

ಅವರು ತಮ್ಮ ಗಿಡದಿಂದ ಒಂದು ಹಸಿ ಪಪ್ಪಾಯಿಕಾಯಿ ಕಿತ್ತು ಗೋಡೆಯ ಮೇಲಿಂದ ಕೊಟ್ಟರು. "ಅರೆದು ಹಚ್ಚಿ ಇಡ್ರಿ ಮಾಸ್ತರ್. ಎಂಥಾ ಗೋಷ್ಟ್ ಇದ್ರೂ ಬೆಣ್ಣಿ ಆಗ್ತದ."

ಭಾನುವಾರ ಭಾಲ್ಕಿಗೆ ಹೋಗಿ ಕಾಲುಗಳನ್ನು ತಂದೆ. ಡಬ್ಬಿಯಲ್ಲಿಟ್ಟು, ಪೇಪರು ಸುತ್ತಿ, ಚೀಲದಲ್ಲಿ ಮೇಲೆ ಕೊತ್ತಂಬರಿ ಹರಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಳ್ಳನ ಹಾಗೆ ಕೂತಿದ್ದೆ. ಪಪ್ಪಾಯಿ ಹಚ್ಚಿ ಮೂರು ತಾಸು ಬಿಟ್ಟು, ಸಣ್ಣ ಉರಿಯಲ್ಲಿ ಕುದಿಸಿದೆ. ಮಾಂಸವೇನೋ ಬೆಣ್ಣೆಯಾಯಿತು. ಸಾರು ಮರುದಿನ ಫ್ರಿಜ್ಜಿನಲ್ಲೂ ಸಾರಾಗಿಯೇ ಇತ್ತು. ಅಕ್ಕ ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದಳು. ಆಮೇಲೆ ಬಾಯಿ ಒರೆಸಿಕೊಂಡು, "ರುಚಿ ಅವ್ವಂದೇ ಅದ. ಮುಂದಿನ ಐತಾರ ನೋಡೋಣಂತ" ಎಂದಳು.

ಮುಂದಿನ ಭಾನುವಾರ ನಾನು ಪಪ್ಪಾಯಿ ಸಾಲದಾಗಿತ್ತು ಎಂದುಕೊಂಡು ಎರಡು ಪಟ್ಟು ಹಾಕಿದೆ. ಅದರ ಮುಂದಿನ ಭಾನುವಾರ ಇನ್ನಷ್ಟು. ತಪ್ಪನ್ನು ಶ್ರದ್ಧೆಯಿಂದ ಹೆಚ್ಚಿಸುತ್ತ ಹೋಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಫ್ರಿಜ್ಜನ್ನು ಬೈದೆ. ಹಂದಿಗಳು ಮೊದಲಿನ ಹಾಗಿಲ್ಲ ಎಂದೆ. ಥಂಡಿಯೂ ಮೊದಲಿನ ಹಾಗಿಲ್ಲ ಎಂದೆ. ಬಡಗಿಗಳು ಮರಕ್ಕೆ ಹಚ್ಚುತ್ತಿದ್ದ ಸರೇಸು ಎಂಬ ಅಂಟು ಕೂಡ ಎಲುಬು ಚರ್ಮ ಕುದಿಸಿದ ಸಾರೇ ಅಲ್ಲವೇ, ಅಷ್ಟೂರಿನ ಹಳೆಯ ಸುಲ್ತಾನರ ಗುಮ್ಮಟಗಳ ಒಳಗಿನ ಬಣ್ಣ ಇನ್ನೂ ಗೋಡೆ ಬಿಟ್ಟಿಲ್ಲವೆಂದರೆ ಅದರಲ್ಲೂ ಇಂಥದೇ ಅಂಟು ಇದ್ದೀತು ಎಂದು ಅಕ್ಕನ ಮಂಚದ ಪಕ್ಕ ಕೂತು ಪಾಠ ಮಾಡಿದೆ. ಇದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಆ ಹೊತ್ತಿಗೆ ಅಕ್ಕ ದಿನಕ್ಕೆ ಅರ್ಧ ಲೋಟ ಗಂಜಿಗೆ ಬಂದಿದ್ದಳು, ಅದೂ ಅರ್ಧ ಕೆಮ್ಮಿನಲ್ಲಿ ಹೊರಗೆ ಬೀಳುತ್ತಿತ್ತು. ಇನ್ನು ಬಾಯಿಂದ ಏನೂ ಬೇಡವೆಂದು ಡಾಕ್ಟರು ಮೂಗಿನಿಂದ ನಳಿಕೆ ಹಾಕಿದರು.

ಆ ಸಂಜೆ ಮರ್ಯಾದೆಯನ್ನು ಗಾಳಿಗೆ ತೂರಿ ಗೋಡೆಯ ಹತ್ತಿರ ನಿಂತು ಎಲ್ಲ ಹೇಳಿಬಿಟ್ಟೆ. ಕಾಲು, ಸಾರು, ಗಟ್ಟಿಯಾಗಬೇಕಾದದ್ದು, ಆಗದಿದ್ದದ್ದು. ರೆಹಾನಾ ಆಪಾ ಹಣೆ ಚಚ್ಚಿಕೊಂಡರು.

"ತೋಬಾ! ಕಾಲಿನ ಪಾಯಾಕ್ಕ ಯಾರಾರ ಪಪ್ಪಾಯಿ ಹಾಕ್ತಾರೇನ್ರಿ? ಅಂಟೆಲ್ಲಾ ನೀರಾಗಿ ಹೋಗ್ತದಲ್ರಿ. ನಾ ಕಬಾಬ್ ಮಾಡ್ತೀರೇನೋ ಅಂದ್ಕೊಂಡಿದ್ದೆ."

"ಹೇಳಲಿಕ್ಕೆ ಸಂಕೋಚ ಆಯ್ತರಿ ಆಪಾ."

"ಯಾವುದರ ಕಾಲು ಅಂತ ನಾ ಕೇಳ್ತಿದ್ದೆನೇನ್ರಿ? ಕಾಲು ಅಂದಿದ್ರ ಸಾಕಿತ್ತು." ಅವರ ಕಣ್ಣಲ್ಲಿ ನೀರು ತುಂಬಿತ್ತು.

ಔರಾದಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನು ನಾನು. ಹಸಿ ಪಪ್ಪಾಯಿಯ ಹಾಲಿನಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವ ಇದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಪರೀಕ್ಷೆಗೆ ಬರುತ್ತದೆ ಎಂದು ಹೆದರಿಸಿದ್ದೇನೆ. ನನ್ನ ಪರೀಕ್ಷೆಯಲ್ಲಿ ಅದು ಬಂತು, ಮೂರು ಸಲ ಬಂತು, ನನಗೆ ಹೊಳೆಯಲಿಲ್ಲ. ಮೂರು ವಾರ ಅಕ್ಕನ ಗಂಟಲು ತೆರೆದಿತ್ತು. ಆ ಮೂರು ವಾರಗಳನ್ನು ನಾನು ನನ್ನ ಸಂಕೋಚಕ್ಕೆ ಕೊಟ್ಟುಬಿಟ್ಟೆ. ಯಾರ ಮೇಲೆ ಸಿಟ್ಟು ಮಾಡುವುದು ಎಂದು ಹುಡುಕಿದಾಗಲೆಲ್ಲ ಕನ್ನಡಿಯ ಮುಂದೆ ಬಂದು ನಿಲ್ಲುತ್ತೇನೆ.

ನಾಲ್ಕನೆಯ ಭಾನುವಾರ ಬರೀ ಕುದಿಸಿದೆ, ಸೋಸಿದೆ, ಇಟ್ಟೆ. ಮರುದಿನ ಬೆಳಿಗ್ಗೆ ತಟ್ಟೆಯ ಮೇಲೆ ಬೋರಲು ಹಾಕಿ ಅಕ್ಕನ ಮುಂದೆ ಹಿಡಿದೆ. ನಳಿಕೆ ಹಾಕಿದ ಮೂಗಿನಿಂದಲೇ ವಾಸನೆ ನೋಡಿದಳು. ಕೈ ಎತ್ತಿ ಅಂಚಿಗೆ ಬೆರಳು ತಾಗಿಸಿದಳು. ಏಟಿಗೆ ಬಲವಿರಲಿಲ್ಲ, ಆದರೂ ಗಡ್ಡೆ ನಡುಗಿತು. ಅಕ್ಕನ ಮುಖ ಅರಳಿತು.

"ನೀ ತಿನ್ನು, ನಾ ನೋಡ್ತೀನಿ."

ತಿಂದೆ. ಸಪ್ಪಗಿತ್ತು.

"ಉಪ್ಪು?"

"ಸರಿ ಅದ ಅಕ್ಕಾ."

"ಸುಳ್ಳು. ಥಂಡಿ ಆದ ಮ್ಯಾಲ ಉಪ್ಪು ಗೊತ್ತಾಗಲ್ಲ. ಮುಂದಿನ ಸಲ ಒಂದು ಚಿಟಿಕಿ ಹೆಚ್ಚಿಗಿ ಹಾಕು."

ಮುಂದಿನ ಸಲ ಎಂದಳು, ನನ್ನ ಮುಖ ನೋಡುತ್ತಲೇ. ಅವಳ ಪಾಲಿಗೆ ಅದಿಲ್ಲ ಎಂದು ನರ್ಸ್ ಆಗಿದ್ದವಳಿಗೆ ಗೊತ್ತಿಲ್ಲದೆ ಇರಲಿಲ್ಲ. ನಾನು ತಟ್ಟೆ ಖಾಲಿ ಮಾಡಿದೆ. ಎರಡು ವಾರದ ಮೇಲೆ ಅವಳು ಹೋದಳು.

ಈಗಲೂ ಆಗಾಗ ಭಾನುವಾರ ಭಾಲ್ಕಿಗೆ ಹೋಗುತ್ತೇನೆ. ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕುತ್ತೇನೆ. ಒಬ್ಬನಿಗೆ ಗಟ್ಟಿಸಾರು ಯಾವಾಗಲೂ ಮಿಕ್ಕುತ್ತದೆ, ಆದರೂ ಕಡಿಮೆ ಮಾಡಲು ಕೈ ಬರುವುದಿಲ್ಲ. ಕಿಟಕಿ ಹಾಕುವುದನ್ನು ಬಿಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ರೆಹಾನಾ ಆಪಾ ಗೋಡೆಯಾಚೆಯಿಂದ ಕೂಗುತ್ತಾರೆ, "ಗಟ್ಟಿ ಆತೇನ್ರಿ ಮಾಸ್ತರ್?"

"ಆತ್ರಿ ಆಪಾ."

ಯಾವುದರದು ಎಂದು ಅವರು ಎಂದೂ ಕೇಳಿದವರಲ್ಲ. ಈಗ ಯಾರಿಗೆ ಎಂಬುದನ್ನೂ ಕೇಳುವುದಿಲ್ಲ.